ರಾಶಿ ಮುಂದೆ ತೆಗೆದ ಫೋಟೋ

ಪುಟ್ಟಬಸವಯ್ಯನ ಮದುವೆ ಫೋಟೋದಲ್ಲಿ ಹೆಂಡತಿ ಇಲ್ಲ. ಹೆಮ್ಮಿಗೆಯ ಅವನ ಮನೆಗೆ ಹೊಸದಾಗಿ ಬಂದವರ ಕಣ್ಣಿಗೆ ಮೊದಲು ಬೀಳುವುದೇ ಅದು. ನಡುಮನೆಯ ಗೋಡೆಯಲ್ಲಿ ಬುದ್ಧ, ಪಕ್ಕದಲ್ಲಿ ಬಾಬಾಸಾಹೇಬರು, ಅಲ್ಲಿಂದ ಮೊಳ ದೂರಕ್ಕೆ ಪೇಟ ಕಟ್ಟಿ, ಹಾರ ಹಾಕಿಕೊಂಡು, ನರಸೀಪುರದ ಸ್ಟುಡಿಯೋದಲ್ಲಿ ಒಬ್ಬನೇ ಕುಳಿತ ಮದುಮಗ. ಪಕ್ಕದ ಕುರ್ಚಿ ಖಾಲಿ. ಆ ಸ್ಟುಡಿಯೋದವನಾದರೂ ಕುರ್ಚಿಯನ್ನು ಆಚೆಗೆ ಎಳೆಯಬಾರದಿತ್ತೇ? ಈಗ ಬರುತ್ತಾಳೆ, ಆಗ ಬರುತ್ತಾಳೆ ಎಂದು ಕಾದು ಕಾದು, ಬೇಸತ್ತು, ಇದ್ದದ್ದನ್ನೇ ತೆಗೆದುಬಿಟ್ಟನಂತೆ.

ಮದುಮಗಳು ಓಡಿಹೋಗಿರಲಿಲ್ಲ, ಮುನಿಸಿಕೊಂಡೂ ಇರಲಿಲ್ಲ. ಅದೇ ಸ್ಟುಡಿಯೋದ ಬಾಗಿಲ ಹೊರಗೆ, ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡು ನಿಂತಿದ್ದಳು. ಅವಳ ಹೆಸರು ಚಲುವಮ್ಮ. ಬಾಗಿಲಿಗೆ ಅಡ್ಡವಾಗಿ ಅವಳ ಅಪ್ಪ ಮರಿಯಯ್ಯ ನಿಂತು, ಹೊಸ ಅಳಿಯನಿಗೆ ಕೈ ಮುಗಿಯುತ್ತಿದ್ದ.

"ನನ್ ಮಗ್ಳ ಪೋಟೋ ಒಂದ್ ಬ್ಯಾಡ ಕಣಪ್ಪ. ಅವ್ರವ್ವ ಒಂದ್ಸಲ ಪೋಟೋಗೆ ನಿಂತ್ಲು, ಅದೇ ವರ್ಸ ಸತ್ತೋದ್ಲು. ಇವುಳ್ನಾದ್ರೂ ಉಳಿಸ್ಕ."

ಮದುವೆಯ ದಿನವೇ ಮಾವ ಕೈ ಮುಗಿದರೆ ಅಳಿಯ ಏನು ಮಾಡಿಯಾನು. ಪುಟ್ಟಬಸವಯ್ಯ ಒಳ್ಳೆಯವನು, ಆಗಲಿ ಅಂದ. ಆಮೇಲೆ ವರ್ಷಗಟ್ಟಲೆ ಆ ಫೋಟೋ ತೋರಿಸಿ, "ನಾ ಕುರ್ಚಿನೇ ಮದ್ವೆ ಆಗಿದ್ದು" ಎಂದು ಬಂದವರನ್ನೆಲ್ಲ ನಗಿಸುತ್ತಿದ್ದ. ಚಲುವಮ್ಮನೂ ನಗುತ್ತಿದ್ದಳು. ಆದರೆ ಅವಳ ಮನಸ್ಸು ಆ ಖಾಲಿ ಕುರ್ಚಿಯಲ್ಲಿ ಇರುತ್ತಿರಲಿಲ್ಲ. ಅದು ತವರೂರು ಹುಲ್ಲಹಳ್ಳಿಯಲ್ಲಿ, ತಾನು ಕಂಡೇ ಇರದ ಇನ್ನೊಂದು ಫೋಟೋದ ಸುತ್ತ ತಿರುಗುತ್ತಿತ್ತು.

ಆ ಫೋಟೋದ ಕತೆಯನ್ನು ಮರಿಯಯ್ಯ ಮಗಳಿಗೆ ಬುದ್ಧಿ ತಿಳಿದಾಗಿನಿಂದ ಹೇಳಿಕೊಂಡೇ ಬಂದಿದ್ದ. ಚಲುವಮ್ಮ ಹುಟ್ಟಿದ ವರ್ಷ ಹುಲ್ಲಹಳ್ಳಿ ನಾಲೆ ಬದಿಯ ಧಣಿ ಮಾದಯ್ಯನವರ ಗದ್ದೆಯಲ್ಲಿ ಬೆಳೆದ ಭತ್ತ ಕಣದಲ್ಲಿ ಹಿಡಿಸಲಿಲ್ಲವಂತೆ. ರಾಶಿಯ ಎತ್ತರ ನೋಡಿ ಮಾದಯ್ಯನವರಿಗೆ ಹಿಗ್ಗೋ ಹಿಗ್ಗು. ನಂಜನಗೂಡಿಗೆ ಗಾಡಿ ಕಟ್ಟಿಸಿ ಫೋಟೋದವನನ್ನು ಕರೆಸಿದರು. ರಾಶಿಯ ನೆತ್ತಿಗೆ ಸಗಣಿ ಬೆನಕನನ್ನು ಇಟ್ಟು, ಗರಿಕೆ ಸಿಕ್ಕಿಸಿ, ಪೂಜೆ ಮುಗಿಸಿ ಅಳೆಯಲು ಕೂತರು. ಮೊದಲ ಕೊಳಗಕ್ಕೆ ಒಂದು ಎನ್ನುವ ಹಾಗಿಲ್ಲ, 'ಲಾಭ' ಎನ್ನಬೇಕು. ಲಾಭ ಎಂದು ಕೊಳಗ ಸುರಿದು, ಎರಡನೆಯದಕ್ಕೆ ಕೈ ಹಾಕುವಷ್ಟರಲ್ಲಿ ಫೋಟೋದವನು ತಡೀರಿ ಅಂದನಂತೆ.

ಮಾದಯ್ಯನವರು ರಾಶಿಯ ಮುಂದೆ ಕುರ್ಚಿಯಲ್ಲಿ, ಅಣ್ಣತಮ್ಮಂದಿರು ಎಡಬಲದಲ್ಲಿ, ಎತ್ತುಗಳು ಒಂದು ಮಗ್ಗುಲಿಗೆ, ಆಳುಕಾಳು ಕೊನೆಯ ತುದಿಗೆ. ಮರಿಯಯ್ಯ ಕೈ ಕಟ್ಟಿ ನಿಂತ. ಅವನ ಪಕ್ಕಕ್ಕೆ ಹೆಂಡತಿ ಹೊಂಬಾಳಮ್ಮ, ಭತ್ತ ತೂರುತ್ತಿದ್ದವಳು ಹಾಗೇ ಬಂದು ನಿಂತಳು. ಫೋಟೋದವನು ಕರಿ ಬಟ್ಟೆಯೊಳಗೆ ತಲೆ ತೂರಿಸಿಕೊಂಡು, "ಎಲ್ಲಾರೂ ಡಬ್ಬಾನೇ ನೋಡ್ಬೇಕು. ಯಾವನಾದ್ರೂ ಕತ್ತು ಆಡ್ಸಿದ್ರೆ ಅಷ್ಟೂ ಕೆಡ್ತದೆ" ಎಂದು ಗದರಿದನಂತೆ. ಧಣಿ ಮನೆಯ ಕೆಲಸ, ಕೆಟ್ಟರೆ ಯಾರ ತಲೆಗೆ ಬರುತ್ತದೆ ಎಂದು ಮರಿಯಯ್ಯನಿಗೆ ಗೊತ್ತಿತ್ತು. ರೆಪ್ಪೆ ಸಹ ಹೊಡೆಯದೆ ಡಬ್ಬವನ್ನೇ ನೋಡಿದ.

"ನಿಮ್ಮವ್ವ ನನ್ ಮಗ್ಗುಲಾಗೇ ಇದ್ಲು ಕಣವ್ವ. ಅವ್ಳ ಬಳೆ ಗಲ್ ಅಂದದ್ದು ಕೇಳುಸ್ತು" ಎಂದು ಅಪ್ಪ ಕಣ್ಣೊರೆಸಿಕೊಳ್ಳುತ್ತಿದ್ದ.

ಯುಗಾದಿಯ ಹೊತ್ತಿಗೆ ಕೇರಿಗೆ ವಾಂತಿಭೇದಿ ಬಂತು. ಬೆಳಿಗ್ಗೆ ಚೆನ್ನಾಗಿದ್ದ ಹೊಂಬಾಳಮ್ಮ ಬೈಗಿಗೆ ಇಲ್ಲ. ಹಾಲು ಕುಡಿಯುವ ಕೂಸು ಉಳಿಯಿತು. ವಾಂತಿಭೇದಿ ಕೇರಿಯಲ್ಲಿ ಇನ್ನೆಷ್ಟೋ ಜನರನ್ನು ಹೊತ್ತುಕೊಂಡು ಹೋಗಿತ್ತು, ಅವರಾರೂ ಫೋಟೋ ತೆಗೆಸಿಕೊಂಡವರಲ್ಲ. ಆದರೆ ಹೆಂಡತಿ ಸತ್ತವನಿಗೆ ಅದನ್ನು ಹೇಳುವವರು ಯಾರು? ಫೋಟೋ ತೆಗೆಸಿದರೆ ಆಯಸ್ಸು ಕಮ್ಮಿ ಎಂದು ಊರೇ ಹೇಳುತ್ತಿದ್ದ ಕಾಲ. ತಾನೇ ಹೆಂಡತಿಯನ್ನು ಕರೆದು ಪಕ್ಕಕ್ಕೆ ನಿಲ್ಲಿಸಿಕೊಂಡೆ, ತಾನೇ ಕೊಂದೆ ಎಂದು ಮರಿಯಯ್ಯ ಸಾಯುವ ತನಕ ತಲೆ ಚಚ್ಚಿಕೊಂಡ. ಇನ್ನೊಬ್ಬಳನ್ನು ಕಟ್ಟಿಕೊಳ್ಳಲಿಲ್ಲ. ಒಂದು ಬಾಯಲ್ಲಿ ಆ ಫೋಟೋವನ್ನು ಬೈಯುತ್ತಿದ್ದ, ಇನ್ನೊಂದು ಬಾಯಲ್ಲಿ "ನಿಮ್ಮವ್ವ ಎಲ್ಲಿಗೂ ಓಗಿಲ್ಲ, ಧಣೇರ ಮನೆ ಪೋಟೋದಾಗವ್ಳೆ" ಎಂದು ಮಗಳನ್ನು ಸಮಾಧಾನ ಮಾಡುತ್ತಿದ್ದ.

ಹೀಗೆ ಬೆಳೆದ ಹುಡುಗಿಗೆ ಎರಡೇ ವಿಷಯ ಗಟ್ಟಿಯಾಗಿ ಗೊತ್ತು. ಅವ್ವನ ಮುಖ ಒಂದು ಕಡೆ ಇದೆ; ತನ್ನ ಮುಖ ಮಾತ್ರ ಯಾವ ಡಬ್ಬಕ್ಕೂ ಕೊಡಬಾರದು.

ನಾಟಿಗೆ ಹೋದರೆ ಹಳೆಯ ಹೆಂಗಸರು ಕೆಲಸ ನಿಲ್ಲಿಸಿ ಇವಳನ್ನು ನೋಡುತ್ತಿದ್ದರು. ಅವ್ವನ ಗೆಳತಿ ಮುದ್ದಮ್ಮನಂತೂ, "ಥೇಟ್ ಒಂಬಾಳಿನೇ ಕಣ್ರೇ, ಒಂಬಾಳಿನೇ ಎದ್ ಬಂದಂಗದೆ" ಅನ್ನುತ್ತಿದ್ದಳು. ಆ ಮಾತು ಕೇಳಿದ ದಿನ ಚಲುವಮ್ಮ ನಾಲೆ ನೀರಿನಲ್ಲಿ ಬಗ್ಗಿ ನೋಡಿಕೊಳ್ಳುತ್ತಿದ್ದಳು. ಹರಿಯುವ ನೀರು, ಏನು ಕಂಡೀತು.

ಮದುವೆಯಾಗಿ ಹೆಮ್ಮಿಗೆಗೆ ಬಂದ ಮೇಲೊಮ್ಮೆ, ಹೊಸ ತಳಿಯ ಭತ್ತದ ನಾಟಿ ನೋಡಲು ಆಫೀಸಿನವರು ಜೀಪಿನಲ್ಲಿ ಬಂದು ಕ್ಯಾಮೆರಾ ತೆಗೆದರು. ಚಲುವಮ್ಮನಿಗೆ ಆಗ ಇಪ್ಪತ್ತರ ಆಸುಪಾಸು, ಮಗ ಪ್ರೇಮ್‌ಕುಮಾರ ಹೊಟ್ಟೆಯಲ್ಲಿದ್ದ. ಮಳೆಗೆ ತಲೆಯ ಮೇಲೆ ಗೋಣಿ ಕೊಪ್ಪೆ ಹಾಕಿಕೊಂಡಿದ್ದಳು. ಕ್ಯಾಮೆರಾ ಕಂಡದ್ದೇ ಕೊಪ್ಪೆಯನ್ನು ಗದ್ದದ ತನಕ ಎಳೆದುಕೊಂಡಳು. ಆಫೀಸಿನವನು "ಏಯ್ ತಾಯಿ, ಸ್ವಲ್ಪ ನಗಮ್ಮ" ಅಂದರೂ ಬಿಡಲಿಲ್ಲ. ಹೋಗಲಿ ಎಂದು ಅವರು ಹಾಗೆಯೇ ಎಲ್ಲರ ಫೋಟೋ ತೆಗೆದುಕೊಂಡು ಹೋದರು. ಆ ದಿನ ತಾನು ಬಚಾವಾದೆ ಎಂದುಕೊಂಡಳು. ಎಂಥ ಬಚಾವು ಎಂದು ತಿಳಿಯಲು ಮೂವತ್ತು ವರ್ಷ ಹಿಡಿಯಿತು.

ತೊಂಬತ್ತರ ದಶಕದ ನಡುವಿನಲ್ಲಿ ಓಟಿನ ಕಾರ್ಡಿಗೆ ಫೋಟೋ ಬೇಕು ಎಂದು ಊರ ಸ್ಕೂಲಿಗೆ ಕ್ಯಾಮೆರಾ ಬಂತು. ಅಷ್ಟು ಹೊತ್ತಿಗೆ ಮರಿಯಯ್ಯ ಮಣ್ಣು ಸೇರಿ ಹತ್ತಾರು ವರ್ಷ. ಚಲುವಮ್ಮ ಸೆರಗು ಎಳೆದುಕೊಂಡರೆ, ಅಲ್ಲಿದ್ದ ಗುಮಾಸ್ತ "ಮುಖ ಮುಚ್ಕೊಂಡ್ರೆ ಓಟಿಲ್ಲ ಕಣಮ್ಮ" ಅಂದ. ಗಂಡ, ಬೆಳೆದ ಮಗ ಇಬ್ಬರೂ ಹಿಂದೆ ನಿಂತು ನೂಕಿದರು. ಸರಿ, ಆದದ್ದಾಗಲಿ ಎಂದು ಕೂತಳು. ಕಾರ್ಡು ಬಂದಾಗ ನೋಡಿದರೆ ಕರಿಯ ಚುಕ್ಕೆಯೊಂದಕ್ಕೆ ಎರಡು ಬಿಳಿ ಕಣ್ಣು. ಅವಳು ಸಾಯುತ್ತೇನೆಂದು ಕಾದಳು, ಯಾರಿಗೂ ಹೇಳದೆ ಹೊಸ ಸೀರೆಯೊಂದನ್ನು ಪೆಟ್ಟಿಗೆಯ ಮೇಲೆ ತೆಗೆದಿಟ್ಟಳು. ಸಾಯಲಿಲ್ಲ. ಶೀತ ಸಹ ಆಗಲಿಲ್ಲ.

ಆಗ ಅವಳಿಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಫೋಟೋ ಯಾರನ್ನೂ ಕೊಲ್ಲುವುದಿಲ್ಲ. ಅಪ್ಪ ಸುಮ್ಮನೆ ಬೆಂದ. ತಾನೂ ಸುಮ್ಮನೆ ಹೆದರಿದೆ. ಹಾಗಾದರೆ ಅವ್ವನನ್ನು ನೋಡಲು ಇನ್ನೇನು ಅಡ್ಡಿ? ಸಿಟ್ಟು ಇಳಿದ ಮೇಲೆ ಉಳಿದದ್ದು ಆ ಒಂದು ಆಸೆ. ಒಂದೇ ಒಂದು ಸಲ ಅವ್ವನ ಮುಖ ನೋಡಬೇಕು.

ಹುಲ್ಲಹಳ್ಳಿಗೆ ಹೋಗಿ ಮಾದಯ್ಯನವರ ಮನೆಯಂಗಳದಲ್ಲಿ ನಿಂತಳು. ಮಾದಯ್ಯನವರಿಗೆ ಕಿವಿ ಮಂದವಾಗಿತ್ತು, ಜಗಲಿಯಲ್ಲಿ ಒರಗಿ ಕೂತಿದ್ದರು.

"ಬುದ್ದೀ, ನಾನು ಮರಿಯಯ್ಯನ ಮಗ್ಳು. ಆ ರಾಶಿ ಪೋಟೋ ಒಂದಿತ್ತಲ್ಲ, ಒಂದ್ ಕಿತ ನೋಡ್ಕಂಡ್ ಒಂಟೋಯ್ತೀನಿ."

"ಅಯ್ಯೋ ಹುಚ್ಚಿ, ಯಾವ ಕಾಲದ್ದು ಅದು. ಅಟ್ಟದಲ್ಲಿ ಗೆದ್ಲು ತಿಂದಿರ್ಬೇಕು" ಎಂದರು ಮಾದಯ್ಯನವರು. ಕೆಟ್ಟ ಮನುಷ್ಯರಲ್ಲ. ಬಂದವಳನ್ನು ಬರಿಗೈಲಿ ಕಳಿಸಬಾರದೆಂದು ಎರಡು ತೆಂಗಿನಕಾಯಿ ಕೊಡಿಸಿದರು. ಅದನ್ನು ಸೆರಗಿಗೆ ಹಾಕಿಕೊಂಡು, ಬಸ್ಸಿನಲ್ಲಿ ದಾರಿಯುದ್ದಕ್ಕೂ ಅತ್ತುಕೊಂಡು ಅವಳು ಊರಿಗೆ ಬಂದಳು.

ಮುಗಿಯಿತು ಎಂದುಕೊಂಡದ್ದು ಮತ್ತೆ ಶುರುವಾದದ್ದು ಎರಡು ಸಾವಿರದ ನಾಲ್ಕರ ಬೇಸಿಗೆಯಲ್ಲಿ. ಪ್ರೇಮ್‌ಕುಮಾರ ಆಗ ಹುಲ್ಲಹಳ್ಳಿಯಲ್ಲಿ ಕರೆಂಟಿನ ಲೈನ್‌ಮನ್. ಮಾದಯ್ಯನವರು ತೀರಿಕೊಂಡು, ಅವರ ಮಗ ಬಸವಪ್ರಸಾದ್ ಮಿಲ್ಲು, ಗೊಬ್ಬರದ ಅಂಗಡಿ ಎಲ್ಲ ನೋಡಿಕೊಳ್ಳುತ್ತಿದ್ದರು. ಅವರ ಮಗಳು ನಂದಿತಾ ಮೈಸೂರಿನಲ್ಲಿ ಚರಿತ್ರೆ ಓದುತ್ತಿದ್ದ ಹುಡುಗಿ. ಮನೆಯ ಹಳೆಯ ಕಣಜದ ಕೋಣೆಯನ್ನು ಗುಡಿಸಿ ಸುಣ್ಣ ಹೊಡೆಸಿ, ರೈತಾಪಿ ಕಾಲದ ಸಾಮಾನುಗಳನ್ನು, ಫೋಟೋಗಳನ್ನು ಜೋಡಿಸಿ ಜನಕ್ಕೆ ತೋರಿಸಬೇಕೆಂದು ಹಟ ಹಿಡಿದಳು. ಅಲ್ಲಿಗೆ ಹೊಸ ವೈರು ಎಳೆಯಲು ಹೋದ ಪ್ರೇಮ್‌ಕುಮಾರ ಏಣಿಯ ಮೇಲಿಂದ ಕೆಳಗೆ ನೋಡಿದರೆ, ಗೋಡೆಗೆ ಒರಗಿಸಿಟ್ಟ ಬಾಗಿಲಗಲದ ಫೋಟೋ. ಭತ್ತದ ರಾಶಿ, ಅದರ ನೆತ್ತಿಯಲ್ಲಿ ಬೆನಕ.

ಭಾನುವಾರ ಊರಿಗೆ ಬಂದವನು ಕಾಲು ತೊಳೆಯುವುದಕ್ಕೂ ಮೊದಲೇ, "ಅವ್ವ, ನಿನ್ ರಾಶಿ ಪೋಟೋ ಸಿಕ್ತು" ಅಂದ.

ಚಲುವಮ್ಮ ಒಲೆಯ ಮುಂದಿನಿಂದ ಏಳಲಿಲ್ಲ. "ಅದ್ರಾಗೆ ಅವ್ವ ಅವ್ಳಾ?" ಎಂದಳು.

"ಬೇಜಾನ್ ಜನ ಅವ್ರೆ. ಯಾರ್ ಯಾರು ಅಂತ ನಂಗೆಂಗ್ ಗೊತ್ತಾಯ್ತದೆ? ನೀನೇ ಬಂದ್ ನೋಡು."

ಮಾರನೆಯ ದಿನ ಅವಳು ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು, ಮಗನ ಮದುವೆಯಲ್ಲಿ ತೆಗೆದ ಸೀರೆ ಉಟ್ಟಳು. ಪುಟ್ಟಬಸವಯ್ಯ ಎಲೆಯಡಿಕೆ ಮೆಲ್ಲುತ್ತ, "ನಿಮ್ಮವ್ವ ಇಪ್ಪತ್ತರ ಉಡ್ಗಿ. ನೀ ಓಗಿ ನಿಂತ್ರೆ ಯಾರವ್ವ ಈ ಮುದ್ಕಿ ಅಂದಾಳು" ಎಂದು ಕೆಣಕಿದ. ಅವಳಿಗೆ ನಗು ಬಂತು. ತಾಯಿಗಿಂತ ತಾನೇ ಅಷ್ಟೊಂದು ದೊಡ್ಡವಳಾದೆ ಎಂಬುದು ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ.

ನರಸೀಪುರದಲ್ಲಿ ಬಸ್ಸು ಬದಲಾಯಿಸಿ, ಸುತ್ತೂರು ದಾಟಿ, ನಂಜನಗೂಡಿನಲ್ಲಿ ಇನ್ನೊಂದು ಬಸ್ಸು ಹತ್ತಿ ತಾಯಿ ಮಗ ಹುಲ್ಲಹಳ್ಳಿಗೆ ಬಂದರು. ಬಸವಪ್ರಸಾದ್ ಬಾಗಿಲಿಗೆ ಬಂದು, "ಬನ್ನಿ, ಒಳಗೇ ಬನ್ನಿ" ಎಂದು ಕರೆದರು. ಆ ಕಣಜದ ಕೋಣೆಗೆ ಮರಿಯಯ್ಯ ಎಷ್ಟು ಮೂಟೆ ಹೊತ್ತಿದ್ದನೋ. ಹೊಸ್ತಿಲ ತನಕ ಅವನ ಹೆಗಲು, ಹೊಸ್ತಿಲ ಒಳಗೆ ಬೇರೆಯವರ ಹೆಗಲು. ಮಗಳು ಈಗ ಚಪ್ಪಲಿ ಬಿಟ್ಟು ನೆಟ್ಟಗೆ ಒಳಗೆ ಹೋದಳು.

ಒಳಗೆ ಎಲ್ಲವೂ ಇತ್ತು. ಹಿತ್ತಾಳೆ ಪಟ್ಟಿಯ ಕೊಳಗ, ಸೇರು, ಪಾವು, ಬಾವಿಯಿಂದ ನೀರೆತ್ತುವ ಕಪಿಲೆಯ ಚರ್ಮದ ಬಾನೆ, ಕಣದ ನಡುವೆ ನೆಡುವ ಮೇಟಿ, ಕೈ ತಾಗಿ ತಾಗಿ ನುಣುಪಾದ ನೇಗಿಲ ಹಿಡಿ. ಒಂದೊಂದರ ಮುಂದೂ ಚೀಟಿ. ಎಲ್ಲಕ್ಕೂ ಸೇರಿಸಿ ಮುಟ್ಟಬೇಡಿ ಎಂದು ಒಂದು ಬೋರ್ಡು. ಪ್ರೇಮ್‌ಕುಮಾರ ಅದನ್ನು ಓದಿ ಹೇಳಿದ. ನೇಗಿಲ ಹಿಡಿಯನ್ನು ನುಣುಪು ಮಾಡಿದ ಕೈ ಯಾರದು ಎಂದು ಯಾವ ಚೀಟಿಯಲ್ಲೂ ಇರಲಿಲ್ಲ. ಇರಲಿ ಬಿಡಿ, ಚಲುವಮ್ಮ ಅದನ್ನು ಹುಡುಕಿಕೊಂಡು ಬಂದವಳಲ್ಲ.

ಫೋಟೋದ ಮುಂದೆ ನಿಂತಳು. ರಾಶಿ ನಿಜಕ್ಕೂ ದೊಡ್ಡದೇ. ಕುರ್ಚಿಯಲ್ಲಿ ಮೀಸೆ ತಿರುವಿದ ಮಾದಯ್ಯನವರು, ಅವರ ಕಾಲ ಬಳಿ ಕೊಳಗ, ಎತ್ತುಗಳು, ಸಾಲಾಗಿ ಆಳುಗಳು. ಕೊನೆಯ ಆಳಿನ ಮೇಲೆ ಅವಳ ಕಣ್ಣು ನಿಂತಿತು. ಒಂದು ಭುಜ, ಅರ್ಧ ಮುಖ, ಒಂದು ಕಿವಿ. ಅಪ್ಪ. ಅಷ್ಟು ಎಳೆಯ ಅಪ್ಪನನ್ನು ಅವಳು ಕಂಡಿರಲಿಲ್ಲ, ಆದರೂ ಆ ಕಿವಿ ಯಾರದೆಂದು ಕೇಳಬೇಕಾಗಿರಲಿಲ್ಲ. ಅರ್ಧ ಅಪ್ಪನ ಪಕ್ಕಕ್ಕೆ ಫೋಟೋದ ಕಟ್ಟು. ಕಟ್ಟಿನ ಆಚೆಗೆ ಸುಣ್ಣದ ಗೋಡೆ.

"ನಮ್ಮವ್ವ ಎಲ್ಲಿ ಬುದ್ದಿ?" ಎಂದಳು ಬಸವಪ್ರಸಾದರ ಕಡೆ ತಿರುಗಿ. ಪ್ರೇಮ್‌ಕುಮಾರನಿಗೆ ಆ ಧಣಿ ಕಾಲದ 'ಬುದ್ದಿ' ಚುಚ್ಚಿತು.

ಉತ್ತರ ಕೊಟ್ಟವಳು ನಂದಿತಾ. "ಇದು ಪೂರ್ತಿ ಅಲ್ಲ ಅಜ್ಜಿ. ಹಳೇದು ಇನ್ನೂ ಅಗಲ ಇದೆ. ಆ ಕಡೆ ಅಂಚು ಅಷ್ಟು ಸರಿ ಇರಲಿಲ್ಲ ಅಂತ ಅದನ್ನ ಬಿಟ್ಟು ದೊಡ್ಡದು ಮಾಡಿಸಿದ್ವಿ. ಇರಿ, ತರ್ತೀನಿ."

ಹುಡುಗಿ ದೊಡ್ಡ ಮನೆಯೊಳಗೆ ಹೋಗಿ ಬರುವಷ್ಟು ಹೊತ್ತು ಚಲುವಮ್ಮ ಗೋಡೆ ಹಿಡಿದು ನಿಂತಿದ್ದಳು. ಐವತ್ತು ವರ್ಷ ಕಾದವಳಿಗೆ ಆ ಒಂದು ಗಳಿಗೆ ಕಾಯಲು ಆಗಲಿಲ್ಲ, ಬಾಗಿಲ ತನಕ ಹೋಗಿ ಮತ್ತೆ ಬಂದಳು.

ಹಳೆಯ ಫೋಟೋ ಅಂಗೈಯಗಲದ್ದು, ದಪ್ಪ ರಟ್ಟಿಗೆ ಅಂಟಿಸಿದ್ದು. ನಂದಿತಾ ಅದರ ಜೊತೆಗೆ ಒಂದು ಭೂತಗನ್ನಡಿಯನ್ನೂ ತಂದು ಕೈಗೆ ಕೊಟ್ಟಳು. ಚಲುವಮ್ಮ ಬೆಳಕಿಗೆ ಬಂದು ಕೂತು ನೋಡಿದಳು. ಇಗೋ, ಅಪ್ಪ ಪೂರ್ತಿ ಇದ್ದಾನೆ. ಕೈ ಕಟ್ಟಿದ್ದಾನೆ, ಡಬ್ಬವನ್ನೇ ನೋಡುತ್ತಿದ್ದಾನೆ. ಪಕ್ಕಕ್ಕೆ ಗಿಡ್ಡನೆಯ ಹೆಂಗಸು. ಮೊಣಕಾಲಿಗೆ ಎತ್ತಿ ಕಟ್ಟಿದ ಸೀರೆ, ಧೂಳು ಹಿಡಿದ ಪಾದ, ಎತ್ತಿದ ಎರಡು ಕೈ, ಕೈ ತುಂಬ ಬಳೆ. ಕೈಗಳಲ್ಲಿ ಭತ್ತ ತೂರುವ ಮೊರ. ಮುಖ ಇರಬೇಕಾದ ಜಾಗದಲ್ಲಿ ಮೊರ.

ಅವಳಿಗೆ ತಕ್ಷಣ ಅರ್ಥವಾಗಲಿಲ್ಲ. ಗಾಜನ್ನು ಸೆರಗಿನಿಂದ ಒರೆಸಿ ಮತ್ತೆ ನೋಡಿದಳು. ಆಮೇಲೆ ರಟ್ಟನ್ನು ಓರೆ ಮಾಡಿ, ಪಕ್ಕದಿಂದ ಇಣುಕಿದಳು, ಮೊರದ ಹಿಂದೆ ಒಂದಿಷ್ಟು ಕೆನ್ನೆಯಾದರೂ ಕಂಡೀತು ಎನ್ನುವ ಹಾಗೆ. ಪ್ರೇಮ್‌ಕುಮಾರ ಅದನ್ನು ನೋಡಲಾರದೆ ಹೊರಗೆ ಹೋಗಿಬಿಟ್ಟ.

"ಎಲ್ಲರೂ ಕ್ಯಾಮೆರಾ ನೋಡ್ತಿದಾರೆ, ಇವರೊಬ್ಬರೇ ಮುಖ ಮುಚ್ಕೊಂಡಿದಾರೆ" ಎಂದಳು ನಂದಿತಾ ಮೆಲ್ಲಗೆ. "ಅದಕ್ಕೇ ಅಂಚು ಸರಿ ಇಲ್ಲ ಅಂದಿದ್ದು. ನಿಮ್ಮ ತಾಯಿ ಅಂತ ಗೊತ್ತಿರಲಿಲ್ಲ ಅಜ್ಜಿ."

"ನಿಂಗೆಂಗ್ ಗೊತ್ತಾಯ್ತದೆ ಕೂಸು" ಎಂದಳು ಚಲುವಮ್ಮ. ಬಸವಪ್ರಸಾದ್ ಇದರ ಒಂದು ಕಾಪಿ ಮಾಡಿಸಿ ಕೊಡುತ್ತೇನೆ ಎಂದರು, ಕಾಫಿ ಕುಡಿದು ಹೋಗಿ ಎಂದರು. ಅವಳು ಕುಡಿದಳು. ಬಿಸಿಯೋ ತಣ್ಣಗೋ ಅವಳಿಗೆ ತಿಳಿಯಲಿಲ್ಲ.

ಅಲ್ಲಿಂದ ನೆಟ್ಟಗೆ ಕೇರಿಗೆ, ಮುದ್ದಮ್ಮನ ಮನೆಗೆ. ಮುದ್ದಮ್ಮ ಆಗ ಹಣ್ಣು ಹಣ್ಣು ಮುದುಕಿ, ಎರಡೂ ಕಣ್ಣಿಗೆ ಪೊರೆ ಬಂದು ಜಗಲಿಯಲ್ಲಿ ಕೂತೇ ಇರುತ್ತಿದ್ದಳು. ದನಿಯಿಂದಲೇ ಗುರುತು ಹಿಡಿದು, "ಚಲುವಿ, ಬಾ ಮಗ" ಅಂದಳು.

"ಅತ್ತೆ, ನಮ್ಮವ್ವ ಮೊರ ಯಾಕ್ ಅಡ್ಡ ಇಡ್ಕಂಡ್ಲು?"

ಮುದುಕಿ ತಡವಿ ಅವಳ ಕೈ ಹಿಡಿದುಕೊಂಡಳು. ಆಮೇಲೆ, "ನೋಡ್ದಾ" ಅಂದಳು.

"ನೋಡ್ದೆ."

"ಎಳೇ ಬಾಣಂತಿ ಕಣವ್ವ ಅವ್ಳು. ಜಾಲಿ ಮರುದ್ ಕೊಂಬೆಗೆ ಜೋಲಿ ಕಟ್ಟಿ ನಿನ್ನ ಮಲಗ್ಸಿದ್ಲು. ಬಾಣಂತಿ ಪೋಟೋಗೆ ಮಖ ಕೊಟ್ರೆ ಎದೆ ಆಲು ಬತ್ತೋಯ್ತದೆ, ಕೂಸು ಉಳಿಯಾಕಿಲ್ಲ ಅಂತ ನಾವೇ ಯೋಳಿದ್ವಿ. ನಿಮ್ಮಪ್ಪ ಬಾ ಅಂತಾವ್ನೆ, ಧಣೇರು ನಿಂತ್ಕ ಅಂತಾವ್ರೆ, ಇಲ್ಲ ಅನ್ನಾಕಾಯ್ತದಾ? ನಿಂತ್ಲು. ಆ ಪೋಟೋದವ್ನು ಇನ್ನೇನ್ ಒತ್ಬೇಕು ಅನ್ವಾಗ ಮೊರ ಎತ್ಕಂಡ್ಲು. ನಿನ್ ಸಲುವಾಗಿ ಎತ್ಕಂಡ್ಲು ಕಣವ್ವ."

ಬಳೆ ಗಲ್ ಎಂದದ್ದು ಅದಕ್ಕೆ. ಅಪ್ಪನಿಗೆ ಕೇಳಿದ್ದು ಅದೇ. ಕತ್ತು ಒಂದು ಚೂರು ತಿರುಗಿಸಿದ್ದರೆ ಅವನು ನೋಡುತ್ತಿದ್ದ, ತಿರುಗಿಸಲಿಲ್ಲ.

"ನಮ್ಮಪ್ಪಂಗೆ ಯಾಕ್ ಯೋಳ್ನಿಲ್ಲ ಅತ್ತೆ? ಪೋಟೋ ತಗ್ಸಿ ಕೊಂದೆ ಅಂತ ಸಾಯೋಗಂಟ ಗೋಳಾಡ್ದನಲ್ಲ. ಅವ್ಳು ಮಖನೇ ಕೊಟ್ಟಿಲ್ಲ ಅಂತ ಒಂದ್ ಮಾತು ಯೋಳ್ಬಾರ್ದಿತ್ತಾ?"

"ಯೋಳನ ಅಂತ ಎಷ್ಟೋ ಸಲ ಬಾಯಿ ತಗ್ದೆ. ತಗೀವಾಗೆಲ್ಲ ಅವ್ನು, ನನ್ ಒಂಬಾಳಿ ಪೋಟೋದಾಗವ್ಳೆ ಮುದ್ದಕ್ಕ, ಎಲ್ಲಿಗೂ ಓಗಿಲ್ಲ, ಅನ್ನವ್ನು. ನಾ ಯೋಳಿದ್ರೆ ಅವ್ನ ಪಾಪ ಕಳೀತಿತ್ತು, ಅವ್ಳ ಮಖಾನೂ ಓಯ್ತಿತ್ತು. ಯಾವ್ದು ಉಳಿಸ್ಲಿ ಅಂತ ನಂಗೆ ತಿಳೀನಿಲ್ಲ."

ಚಲುವಮ್ಮನಿಗೆ ಆ ಮುದುಕಿಯ ಮೇಲೆ ಬೆಂಕಿಯಂಥ ಸಿಟ್ಟು ಬಂತು. ಆ ಒಂದು ಮಾತು ಹೇಳಿದ್ದರೆ ಅಪ್ಪ ಹಗುರಾಗಿ ಸಾಯುತ್ತಿದ್ದ, ಸ್ಟುಡಿಯೋದ ಬಾಗಿಲಿಗೆ ಅಡ್ಡ ನಿಲ್ಲುತ್ತಿರಲಿಲ್ಲ, ತಾನು ಹೋಗಿ ಆ ಕುರ್ಚಿಯಲ್ಲಿ ಕೂರುತ್ತಿದ್ದೆ. ಆದರೆ ಪೊರೆ ಬಂದ ಕಣ್ಣಿನಲ್ಲಿ ನೀರು ಕಂಡು ಬೈಯಲು ಬಾಯಿ ಬರಲಿಲ್ಲ.

"ಎಂಗಿದ್ಲು ಅತ್ತೆ ನಮ್ಮವ್ವ? ಅದಾರ ಯೋಳು."

"ಎಂಗಿದ್ಲು ಅಂದ್ರೆ? ನಿನ್ನಂಗೇ ಇದ್ಲು. ನೀ ಮದ್ವೆ ಆಗಿ ಹೆಮ್ಮಿಗೆಗೆ ಓಗ್ವಾಗ ಇದ್ದಲ್ಲ, ಅಂಗೆ."

ಬಸವಪ್ರಸಾದ್ ಮಾತಿಗೆ ತಪ್ಪಲಿಲ್ಲ, ಕಾಪಿ ಕಳಿಸಿದರು. ಪ್ರೇಮ್‌ಕುಮಾರನಿಗೆ ಮನಸ್ಸು ತಡೆಯಲಿಲ್ಲ. ಕಂಬದ ಮೇಲೆ ಕೂತಾಗಲೂ ಅವನಿಗೆ ಅವ್ವ ರಟ್ಟನ್ನು ಓರೆ ಮಾಡಿ ಇಣುಕಿದ್ದೇ ಕಣ್ಣಿಗೆ ಕಟ್ಟುತ್ತಿತ್ತು. ನಂಜನಗೂಡಿನ ಬಸ್‌ಸ್ಟ್ಯಾಂಡಿನ ಹತ್ತಿರ ಪುಟ್ಟರಾಜು ಎಂಬುವನ ಸ್ಟುಡಿಯೋ ಇತ್ತು. ಕಂಪ್ಯೂಟರಿನಲ್ಲಿ ಸತ್ತವರ ಕಣ್ಣು ತೆರೆಸಿ, ಹರಿದ ಫೋಟೋ ಕೂಡಿಸಿ ಕೊಡುವುದರಲ್ಲಿ ಅವನು ಸುತ್ತಮುತ್ತ ಹೆಸರು ಮಾಡಿದ್ದ. ತಾಯಿಯನ್ನು ಅಲ್ಲಿಗೆ ಕರೆದುಕೊಂಡು ಹೋದ.

ಪುಟ್ಟರಾಜು ಫೋಟೋವನ್ನು ತೆರೆಯ ಮೇಲೆ ದೊಡ್ಡದು ಮಾಡಿದ. "ಮೊರ ತೆಗೆಯೋದು ಏನೂ ಕಷ್ಟ ಇಲ್ಲ ಅಮ್ಮ. ತೆಗೆದ ಮೇಲೆ ಅಲ್ಲಿ ಏನಾದ್ರೂ ಇಡಬೇಕಲ್ಲ. ಅವರನ್ನ ಹೋಲೋರು ಯಾರಾದ್ರೂ ಇದಾರಾ?"

"ಅವ್ವನೇ ಹಂಗಿದ್ದಿದ್ದು ಅಂತಾರೆ ಸಾ, ವಯಸ್ನಾಗೆ" ಎಂದ ಪ್ರೇಮ್‌ಕುಮಾರ.

"ಮತ್ತಿನ್ನೇನು, ಆಗೋಯ್ತು ಕೆಲಸ. ಅಮ್ಮನ ಹದಿನೆಂಟು, ಇಪ್ಪತ್ತು ವರ್ಷದ್ದು ಒಂದು ಫೋಟೋ ತಗೊಂಡು ಬನ್ನಿ. ಮದುವೇದು ಇದ್ರೂ ಆಯ್ತು."

ತಾಯಿ ಮಗ ಒಬ್ಬರ ಮುಖ ಒಬ್ಬರು ನೋಡಿದರು. ಮದುವೆ ಫೋಟೋದಲ್ಲಿ ಖಾಲಿ ಕುರ್ಚಿ ಇದೆ. ಆಫೀಸಿನವರ ಫೋಟೋದಲ್ಲಿ, ಅದು ಎಲ್ಲಾದರೂ ಉಳಿದಿದ್ದರೆ, ಗೋಣಿ ಕೊಪ್ಪೆ ಇದೆ. ಅವ್ವನ ಮುಖವನ್ನು ಚಲುವಮ್ಮ ವರ್ಷಗಟ್ಟಲೆ ತಾನೇ ಹೊತ್ತು ತಿರುಗಿದ್ದಳು, ಗದ್ದೆಗೆ, ಸಂತೆಗೆ, ನೀರಿಗೆ. ಎಲ್ಲರೂ ಕಂಡಿದ್ದರು. ಯಾವ ಕಾಗದದ ಮೇಲೂ ಅದನ್ನು ಇಳಿಸಲು ಬಿಡದೆ, ಬಿಸಿಲಿಗೂ ವಯಸ್ಸಿಗೂ ಕೊಟ್ಟು ಕಳೆದುಕೊಂಡಿದ್ದಳು.

ಸೆರಗಿನ ಗಂಟಿನಿಂದ ಓಟಿನ ಕಾರ್ಡು ಬಿಚ್ಚಿ ಮೇಜಿನ ಮೇಲಿಟ್ಟಳು. ಪುಟ್ಟರಾಜು ಅದನ್ನು ನೋಡಿ ಮುಖ ಹುಳ್ಳಗೆ ಮಾಡಿದ. ಆದರೂ ಇಷ್ಟು ದೂರ ಬಂದಿದ್ದಾರೆ ಎಂದು ಪ್ರಯತ್ನ ಮಾಡಿದ. ತೆರೆಯ ಮೇಲೆ ಮೊರ ಮಾಯವಾಯಿತು. ಎಳೆಯ ಕೈ, ಕೈ ತುಂಬ ಬಳೆ, ಅದರ ಮೇಲೆ ಚಲುವಮ್ಮನದೇ ಬಾಡಿದ ಕರಿಯ ಮುಖ, ಎರಡು ಬಿಳಿ ಕಣ್ಣು. ಅಪ್ಪನ ಪಕ್ಕದಲ್ಲಿ ಅವನ ತಾಯಿಯಂತೆ ಅವನ ಮಗಳೇ ನಿಂತಿದ್ದಳು.

ಚಲುವಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ತಗ್ದಾಕಪ್ಪ ಅದ್ನ" ಅಂದಳು. "ಮೊರನೇ ವಾಪಸ್ ಮಡಗು."

ಊರಿಗೆ ಬಂದಾಗ ಪುಟ್ಟಬಸವಯ್ಯ ಜಗಲಿಯಲ್ಲಿ ಹಗ್ಗ ಹೊಸೆಯುತ್ತ ಕೂತಿದ್ದ. ಅವಳು ಅವನ ಮುಂದೆಯೇ ನೆಲಕ್ಕೆ ಕುಕ್ಕರಿಸಿ, "ನನ್ ಮಖ ನೋಡು" ಅಂದಳು. "ನೀ ಮದ್ವೆ ಮಾಡ್ಕಂಡಾಗ ನಾನು ಎಂಗಿದ್ದೆ? ಮೂಗು ಎಂಗಿತ್ತು, ಕೆನ್ನೆ ಎಂಗಿತ್ತು, ನಿಂಗೆ ಗೊತ್ತಿರ್ಬೇಕಲ್ಲ. ಯೋಳು."

ಕುಶಾಲು ಮಾಡಲು ಬಾಯಿ ತೆರೆದವನು ಅವಳ ಕಣ್ಣು ನೋಡಿ ನಿಲ್ಲಿಸಿದ. ಕೈಯ ಹಗ್ಗ ಕೆಳಗಿಟ್ಟು ಅವಳನ್ನು ನೋಡಿದ. ನೆನಪು ಮಾಡಿಕೊಳ್ಳಲು ಅವನು ನಿಜಕ್ಕೂ ಒದ್ದಾಡಿದ, ಹಣೆಯ ಗೆರೆಗಳು ಗಂಟಾದವು.

"ಬರಾಕಿಲ್ಲ ಕಣೆ" ಎಂದ ಕೊನೆಗೆ. "ಎಷ್ಟ್ ಯೋಚ್ನೆ ಮಾಡುದ್ರೂ ಈ ಮಖವೇ ಬತ್ತದೆ. ದಿನಾ ನೋಡಿ ನೋಡಿ ಅದು ಅಳಿಸೋಯ್ತು."

ಅವನ ಮೇಲೆ ಸಿಟ್ಟಾಗುವುದು ಹೇಗೆ? ಅವಳು ಎದ್ದು ಒಳಗೆ ಹೋಗಿ ಒಲೆ ಹಚ್ಚಿದಳು. ಸೌದೆ ಹಸಿಯಿರಲಿಲ್ಲ, ಹೊಗೆಯೂ ಇರಲಿಲ್ಲ, ಕಣ್ಣೀರಿಗೆ ನೆಪ ಸಿಗಲಿಲ್ಲ. ಹಾಗೆಯೇ ಅತ್ತಳು. ಅಪ್ಪನಿಗಾದರೂ ಅವ್ವ ಫೋಟೋದಲ್ಲಿದ್ದಳು. ತನಗೆ ಈಗ ಎಲ್ಲಿಯೂ ಇಲ್ಲ.

ಮುಂದಿನ ಮಳೆಗಾಲಕ್ಕೆ ಮುದ್ದಮ್ಮನೂ ಹೋದಳು. ಹೊಂಬಾಳಮ್ಮನ ಮುಖ ಕಂಡವರು ಆಮೇಲೆ ಯಾರೂ ಉಳಿಯಲಿಲ್ಲ.

ಪ್ರೇಮ್‌ಕುಮಾರ ಕಾಪಿಗೆ ಕಟ್ಟು ಹಾಕಿಸಿ ತಂದು, ಅಪ್ಪನ ಮದುವೆ ಫೋಟೋದ ಪಕ್ಕಕ್ಕೆ ಮೊಳೆ ಹೊಡೆದು ಹಾಕಿದ. ಬಂದವರು ಮೊದಲು ಖಾಲಿ ಕುರ್ಚಿ ನೋಡುತ್ತಾರೆ, ಆಮೇಲೆ ರಾಶಿಯ ಫೋಟೋದ ಹತ್ತಿರ ಹೋಗುತ್ತಾರೆ. ತುದಿಯಲ್ಲಿ ಕೈ ಕಟ್ಟಿ ನಿಂತವನು ಯಾರು ಎಂದು ಕೇಳಿದರೆ ಚಲುವಮ್ಮ, ನಮ್ಮಪ್ಪ ಅನ್ನುತ್ತಾಳೆ. ಹಿಂದೆ ಜಾಲಿ ಮರಕ್ಕೆ ಏನೋ ನೇತು ಹಾಕಿದೆಯಲ್ಲ ಅಂದರೆ, ಅದು ಜೋಲಿ, ಒಳಗೆ ನಾನಿದ್ದೀನಿ ಅನ್ನುತ್ತಾಳೆ.

"ನಿಮ್ಮಪ್ಪನ್ ಪಕ್ಕದಾಗಿರದು?"

"ಅದಾ" ಎಂದು ಅವಳು ಬೇರೆ ಕಡೆ ನೋಡುತ್ತಾಳೆ. "ಅದು ಮೊರ."